ನಾಟಿ ಗೋಧಿ ತಳಿಗಳ ವೈವಿಧ್ಯ: ಹೊಲದಲ್ಲಿ ಕಂಡಿದ್ದನ್ನು ನಂಬಬೇಕಾ, ಡಿಎನ್‌ಎ ಹೇಳಿದ್ದನ್ನಾ?

ಹಸಿರುತೆನೆ:
ನಮಸ್ಕಾರ. ತಳಿ ವಿಜ್ಞಾನದಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ. ಜೀನ್ ಬ್ಯಾಂಕಿನಿಂದ ತರಿಸಿದ ನಾಟಿ ಗೋಧಿ ತಳಿಗಳನ್ನು ಬಿತ್ತಿ, ಗಿಡದ ಎತ್ತರ, ತೆಂಡೆ, ತೆನೆಯ ಉದ್ದ, ತೆನೆಗೆ ಮೀಸೆ (ಕೂದಲಿನಂಥ ಮುಳ್ಳು) ಇದೆಯೋ ಇಲ್ಲವೋ, ಹೊಟ್ಟಿನ ಬಣ್ಣ, ತೆನೆ ಹೊರಡುವ ದಿನ, ಸಾವಿರ ಕಾಳಿನ ತೂಕ, ಹೀಗೆ ಕಂಡಿದ್ದನ್ನೆಲ್ಲ ಅಳೆದೆ. ತಳಿಗಳ ನಡುವಿನ ವ್ಯತ್ಯಾಸವನ್ನು ದೂರವಾಗಿ ಲೆಕ್ಕ ಹಾಕುವ ಡಿ-ಸ್ಕ್ವೇರ್ ಹಾಕಿ ಗುಂಪು ಮಾಡಿದರೆ ಅಚ್ಚುಕಟ್ಟಾಗಿ ಬಂತು. ಆಮೇಲೆ ಅವೇ ತಳಿಗಳಿಗೆ ಎಸ್‌ಎಸ್‌ಆರ್ ಮಾರ್ಕರ್ (ಡಿಎನ್‌ಎಯಲ್ಲಿ ತಳಿಯಿಂದ ತಳಿಗೆ ಬದಲಾಗುವ ಗುರುತು) ಹಾಕಿದೆ. ಗುಂಪುಗಳೆಲ್ಲ ಕಲಸಿ ಹೋದವು. ಹೊಲದಲ್ಲಿ ವ್ಯತ್ಯಾಸವೇ ಗೊತ್ತಾಗದಷ್ಟು ಹೋಲುವ ಎರಡು ತಳಿ ಡಿಎನ್‌ಎ ಲೆಕ್ಕದಲ್ಲಿ ಎಲ್ಲೋ ದೂರ. ಒಂದು ಗಿಡ್ಡ, ಒಂದು ಎದೆಮಟ್ಟ ಇರುವ ಜೋಡಿ ಪಕ್ಕಪಕ್ಕದಲ್ಲೇ ಕೂತಿದೆ.

ಕ್ರಾಸ್ ಮಾಡಲು ಪೋಷಕ ತಳಿ ಆರಿಸುವಾಗ ಯಾವ ಗುಂಪನ್ನು ನಂಬಲಿ? ಗೈಡ್ ಕೇಳಿದರೆ ಎರಡನ್ನೂ ಬರೆ ಅಂತಾರೆ. ಇನ್ನೊಂದು ಅಧಿಕಪ್ರಸಂಗದ ಪ್ರಶ್ನೆ. ನಾಟಿ ಗೋಧಿಯ ವೈವಿಧ್ಯದ ಬಗ್ಗೆ ರಾಶಿ ರಾಶಿ ಪ್ರಬಂಧಗಳಿವೆ. ಅದರಿಂದ ಹೊಸ ತಳಿ ಮಾಡುವವರಿಗೆ ನಿಜವಾಗಿ ಏನಾದರೂ ಸಿಕ್ಕಿದೆಯಾ?

ಬಿತ್ತನೆಬೀಜ:
ಎರಡನೇ ಪ್ರಶ್ನೆಯನ್ನು ವೈವಾ ಮುಗಿಯುವ ತನಕ ಗೈಡ್ ಮುಂದೆ ಎತ್ತಬೇಡಿ.

ಏಳುಜೊತೆ:
ಎರಡೂ ಗುಂಪು ಹೊಂದಿಕೆಯಾಗದೇ ಇರುವುದೇ ಸಹಜ. ಹೊಂದಿಕೆಯಾಗಿದ್ದರೆ ನಾನು ಅನುಮಾನ ಪಡುತ್ತಿದ್ದೆ.

ಮೀಸೆಯನ್ನೇ ತಗೊಳ್ಳಿ. ಗೋಧಿಯಲ್ಲಿ ಮೀಸೆ ಬಾರದ ಹಾಗೆ ತಡೆಯುವ ಮುಖ್ಯ ಜೀನ್‌ಗಳು ಮೂರು: ಬಿ1, ಬಿ2, ಎಚ್‌ಡಿ. ಅದರಲ್ಲಿ 5ಎ ಕ್ರೋಮೋಸೋಮ್ ಮೇಲಿನ ಬಿ1 ಒಂದೇ ಸಾಕು, ತೆನೆಯ ಚಹರೆ ಪೂರ್ತಿ ಬದಲಾಗುತ್ತದೆ. ಎತ್ತರಕ್ಕೂ ಹಾಗೇ. ಒಂದೇ ಒಂದು ಗಿಡ್ಡತನದ ಜೀನ್ ಬಂದರೆ ಗಿಡ ಗೇಣುಗಟ್ಟಲೆ ಇಳಿಯುತ್ತದೆ. ಉಳಿದ ಜೀನ್‌ಗಳೆಲ್ಲ ಹೆಚ್ಚುಕಡಿಮೆ ಅವೇ ಇರಬಹುದು. ನೀವು ಅಳೆದ ಗುಣಗಳಲ್ಲಿ ಅರ್ಧದಷ್ಟು ಇಂಥವೇ.

ಎಸ್‌ಎಸ್‌ಆರ್ ಮಾರ್ಕರ್‌ಗಳು ಬಹುಪಾಲು ಯಾವ ಗುಣಕ್ಕೂ ಸಂಬಂಧ ಇಲ್ಲದ ಜಾಗದಲ್ಲಿ ಕೂತಿರುತ್ತವೆ. ಅವು ವಂಶದ ಕಥೆ ಹೇಳುತ್ತವೆ. ಗಿಡದ ರೂಪ ಹೇಳುವುದು ಆ ನೆಲ, ಆ ಹವೆ, ಆ ರೈತರ ಆಯ್ಕೆಯ ಕಥೆ. ಮಳೆ ಕಡಿಮೆ ಇರುವ ಕಡೆ ಬೆಳೆದ ಎರಡು ಬೇರೆ ಬೇರೆ ವಂಶದ ಗೋಧಿಗಳು ಬೇಗ ತೆನೆ ಬಿಟ್ಟು, ಮೀಸೆ ಉಳಿಸಿಕೊಂಡು, ಕೊನೆಗೆ ಒಂದೇ ಥರ ಕಾಣಬಹುದು. ಹಾಗಾಗಿ ಯಾವುದನ್ನು ನಂಬಲಿ ಅನ್ನುವ ಬದಲು, ಯಾವುದಕ್ಕೆ ಏನು ಕೇಳಲಿ ಅಂತ ಯೋಚಿಸಿ.

ಅಂಕಿಗಣಪ:
ತತ್ವಜ್ಞಾನಕ್ಕೆ ಮೊದಲು ಲೆಕ್ಕ ನೋಡೋಣ. ಎಷ್ಟು ಹಂಗಾಮಿನ ಡೇಟಾ? ಮೀಸೆ, ಬಣ್ಣದಂಥ ಹೌದು-ಇಲ್ಲ ಗುಣಗಳನ್ನೂ ಡಿ-ಸ್ಕ್ವೇರ್‌ಗೆ ಸೇರಿಸಿದ್ದೀರಾ? ಅದು ಅಳತೆಯ ಗುಣಗಳಿಗೆ ಮಾಡಿದ ವಿಧಾನ. ಮಹಲನೋಬಿಸ್ ಅದನ್ನು ರೂಪಿಸಿದ್ದು ಮನುಷ್ಯರ ತಲೆ, ಮೂಗಿನ ಅಳತೆಗಳ ಮೇಲೆ ಕೆಲಸ ಮಾಡುತ್ತಾ. 1936ರಲ್ಲಿ ಪ್ರಕಟ ಆಯಿತು. ಗೋಧಿಯ ಹೊಟ್ಟಿನ ಬಣ್ಣ ಅವರ ತಲೆಯಲ್ಲಿ ಇರಲಿಲ್ಲ. ಎರಡೂ ಬಗೆಯ ಗುಣ ಬೆರೆತಿದ್ದರೆ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ಗೋವರ್ ದೂರ ಬಳಸಿ. ಆಮೇಲೆ ಎರಡು ದೂರದ ಕೋಷ್ಟಕಗಳಿಗೆ ಮ್ಯಾಂಟೆಲ್ ಟೆಸ್ಟ್ ಹಾಕಿ, ಎರಡೂ ಎಷ್ಟು ಹೊಂದುತ್ತವೆ ಅಂತ ಗೊತ್ತಾಗುತ್ತದೆ. ಕಣ್ಣಲ್ಲಿ ಗುಂಪುಗಳ ಕವಲು ತೋರಿಸುವ ಮರದ ಚಿತ್ರ ನೋಡಿ ಕಲಸಿ ಹೋಯಿತು ಅನ್ನಬಾರದು.

ಹಸಿರುತೆನೆ:
ಒಂದೇ ಹಂಗಾಮು ಸರ್. ಬಣ್ಣ, ಮೀಸೆ ಎರಡಕ್ಕೂ 0, 1 ಕೊಟ್ಟು ಸೇರಿಸಿದ್ದೆ. ಸಾಫ್ಟ್‌ವೇರ್ ಏನೂ ತಕರಾರು ಮಾಡಲಿಲ್ಲ.

ಅಂಕಿಗಣಪ:
ಸಾಫ್ಟ್‌ವೇರ್ ಯಾವತ್ತು ತಕರಾರು ಮಾಡಿದೆ ಹೇಳಿ. ಒಂದು ಹಂಗಾಮಿನಲ್ಲಿ ತೆಂಡೆ ಸಂಖ್ಯೆ, ತೆನೆಯ ಕಾಳಿನ ಸಂಖ್ಯೆ ಎರಡೂ ನೀರು, ಗೊಬ್ಬರ, ಸಾಲಿನ ಅಂತರಕ್ಕೆ ತಕ್ಕಂತೆ ಕುಣಿಯುತ್ತವೆ. ಕಾಳಿನ ತೂಕ, ತೆನೆ ಹೊರಡುವ ದಿನ ಸ್ವಲ್ಪ ಗಟ್ಟಿ. ಗುಂಪು ಮಾಡುವಾಗ ಈ ವ್ಯತ್ಯಾಸ ನೆನಪಿರಲಿ.

ಕಾಳುಕಡಿ:
ನನ್ನದೊಂದು ಪ್ರಶ್ನೆ. ಡಿಎನ್‌ಎ ಎಷ್ಟು ಗಿಡದಿಂದ ತೆಗೆದಿರಿ?

ಹಸಿರುತೆನೆ:
ತಳಿಗೆ ಒಂದು ಗಿಡ. ನಮ್ಮ ಲ್ಯಾಬಿನಲ್ಲಿ ಎಲ್ಲರೂ ಹಾಗೇ ತೆಗೆಯುವುದು.

ಕಾಳುಕಡಿ:
ಅಲ್ಲೇ ಇದೆ ಅರ್ಧ ಉತ್ತರ. ನಾಟಿ ತಳಿ ಅಂದರೆ ಬಿಡುಗಡೆಯಾದ ಸುಧಾರಿತ ತಳಿ ಥರ ಒಂದೇ ಅಚ್ಚಿನದ್ದಲ್ಲ. ಗೋಧಿ ಬಹುತೇಕ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹಾಗಾಗಿ ಒಂದೊಂದು ಗಿಡವೂ ತನ್ನ ಪಾಡಿಗೆ ಶುದ್ಧ ಸಾಲು, ಅಂದರೆ ಮರಿಗಳೆಲ್ಲ ತಾಯಿ ಗಿಡದ ಹಾಗೇ. ಆದರೆ ಹೊಲದಲ್ಲಿ ಅಂಥ ಹಲವು ಸಾಲುಗಳು ಬೆರೆತೇ ಇರುತ್ತವೆ. ಅದೇ ಬೆರಕೆ ನಾಟಿ ತಳಿ. ನೀವು ಅಳತೆ ಮಾಡಿದ್ದು ಹಲವು ಗಿಡಗಳ ಸರಾಸರಿ. ಡಿಎನ್‌ಎ ಮಾತ್ರ ಒಂದೇ ಗಿಡದ್ದು. ಇಬ್ಬರ ಮಾತು ಹೇಗೆ ಕೂಡುತ್ತದೆ?

ಜೀನ್ ಬ್ಯಾಂಕಿನಲ್ಲೂ ಇದೇ ಕಥೆ. ಬೀಜ ಹಳತಾದಾಗ ಸ್ವಲ್ಪ ಬೀಜ ಬಿತ್ತಿ ಹೊಸ ಬೀಜ ಮಾಡುತ್ತಾರೆ. ಪ್ರತಿ ಸಲವೂ ಅಪರೂಪದ ಸಾಲು ಒಂದೆರಡು ಉದುರಿ ಹೋಗುವ ಸಾಧ್ಯತೆ ಇದೆ. ನಿಮ್ಮ ಕೈಗೆ ಬಂದ ಪೊಟ್ಟಣ ಮೊದಲು ಸಂಗ್ರಹಿಸಿದವರು ನೋಡಿದ ಹೊಲ ಅಲ್ಲ.

ಹೊಲದಬದು:
ಲೆಕ್ಕ ಸರಿ ಮಾಡಿಕೊಂಡರೂ ನನ್ನ ತಕರಾರು ಬೇರೆ. ಬಹಳ ವರ್ಷ ಗೋಧಿ ಕ್ರಾಸ್ ಮಾಡಿದವನು ನಾನು. ದೂರ ಜಾಸ್ತಿ ಇದ್ದರೆ ಒಳ್ಳೆಯ ಪೋಷಕ ಅನ್ನುವುದು ಪ್ರಬಂಧದ ಕೊನೇ ಪ್ಯಾರಾದಲ್ಲಿ ಮಾತ್ರ ನಿಜ. ಹಳೇ ತಳಿ ಎತ್ತರ. ಸ್ವಲ್ಪ ಸಾರಜನಕ ಕೊಟ್ಟರೆ ಮಲಗಿಬಿಡುತ್ತದೆ. ಬೆಳೆದದ್ದರಲ್ಲಿ ಹುಲ್ಲೇ ಜಾಸ್ತಿ, ಕಾಳು ಕಡಿಮೆ. ಈಗಿನ ತಳಿಯಲ್ಲಿ ಒಟ್ಟು ತೂಕದ ಅರ್ಧದ ಹತ್ತಿರ ಕಾಳಿಗೆ ಹೋಗುತ್ತದೆ. ಹಳೆಯದರಲ್ಲಿ ಮೂರರಲ್ಲಿ ಒಂದು ಪಾಲು ಹೋದರೆ ದೊಡ್ಡದು. ಇಂಥದ್ದನ್ನು ತಂದು ಒಳ್ಳೆ ತಳಿಗೆ ಕೂಡಿಸಿದರೆ ಎರಡನೇ ಪೀಳಿಗೆಯಲ್ಲಿ ಹೊಲದ ತುಂಬ ಕಸ. ಬೇಕಾದ ಒಂದು ಜೀನ್ ಜೊತೆ ಬೇಡದ ನೂರು ಜೀನ್ ಅಂಟಿಕೊಂಡು ಬರುತ್ತವೆ. ಅದನ್ನು ಬಿಡಿಸಲು ಬ್ಯಾಕ್‌ಕ್ರಾಸ್ ಮೇಲೆ ಬ್ಯಾಕ್‌ಕ್ರಾಸ್, ಅಂದರೆ ಒಳ್ಳೆ ತಳಿಗೇ ಮತ್ತೆ ಮತ್ತೆ ಕೂಡಿಸುತ್ತಾ ಹೋಗಬೇಕು. ಯಾವ ತಳಿ ತಜ್ಞನಿಗೆ ಅಷ್ಟು ವ್ಯವಧಾನ ಇದೆ? ಅವನು ಒಳ್ಳೆಯದಕ್ಕೆ ಒಳ್ಳೆಯದನ್ನೇ ಕೂಡಿಸುತ್ತಾನೆ. ಬೇಗ ಫಲ ಸಿಗುತ್ತದೆ.

ಹಳೇಮೇಷ್ಟ್ರು:
ಬದು ಅವರೇ, ಕಸ ಅಂದಿರಲ್ಲ, ಅದಕ್ಕೆ ಒಂದು ಉದಾಹರಣೆ. 1948ರಲ್ಲಿ ಅಮೆರಿಕದ ಸಸ್ಯ ವಿಜ್ಞಾನಿ ಜ್ಯಾಕ್ ಹಾರ್ಲನ್ ಟರ್ಕಿಯಿಂದ ಒಂದು ಗೋಧಿ ತಂದರು. ಅಮೆರಿಕದ ಸಂಗ್ರಹದಲ್ಲಿ ಅದರ ಸಂಖ್ಯೆ ಪಿಐ 178383. ಕಾಂಡ ತೆಳು, ಮಲಗುವ ಜಾತಿ, ಎಲೆ ತುಕ್ಕು ಬರುತ್ತದೆ, ಚಳಿ ತಡೆಯಲ್ಲ, ಬ್ರೆಡ್‌ಗೂ ಆಗಲ್ಲ. ಒಂದೂವರೆ ದಶಕ ಯಾರೂ ತಿರುಗಿ ನೋಡಲಿಲ್ಲ. 1960ರ ದಶಕದಲ್ಲಿ ಅಮೆರಿಕದ ವಾಯವ್ಯ ಭಾಗದಲ್ಲಿ ಪಟ್ಟೆ ತುಕ್ಕು ಹೊಡೆಯಿತು. ಹುಡುಕುತ್ತಾ ಹೋದರೆ ಈ ಗೋಧಿ ಪಟ್ಟೆ ತುಕ್ಕಿನ ಹಲವು ಬಗೆಗಳನ್ನು ತಡೆಯುತ್ತಿತ್ತು. ಮೇಲಿಂದ ಕಾಡಿಗೆ ರೋಗವನ್ನೂ ತಡೆಯುತ್ತಿತ್ತು. ಅಲ್ಲಿನ ಎಷ್ಟೋ ತಳಿಗಳಿಗೆ ಅದು ಪೋಷಕವಾಯಿತು. ರೂಪ ನೋಡಿ ಅಂಕ ಕೊಟ್ಟಿದ್ದರೆ ಅದಕ್ಕೆ ಸೊನ್ನೆ.

ಹೊಲದಬದು:
ಮೇಷ್ಟ್ರೇ, ನಾಟಿ ತಳಿ ಅಂದ ತಕ್ಷಣ ಎಲ್ಲರೂ ಹಾರ್ಲನ್ ಕಥೆ ಹೇಳುತ್ತಾರೆ. ಸಾವಿರಾರು ಪೊಟ್ಟಣದಲ್ಲಿ ಒಂದು. ಉಳಿದವುಗಳ ಕಥೆ ಯಾಕೆ ಯಾರೂ ಹೇಳಲ್ಲ?

ತುಕ್ಕುಬೇಟೆ:
ಒಂದೇ ಅಂತ ಯಾರು ಹೇಳಿದ್ದು? ನಾನು ತುಕ್ಕು ರೋಗದ ಕಡೆಯವನು, ನಮ್ಮ ಅನ್ನವೇ ಹಳೇ ಗೋಧಿಯಿಂದ.

ಎಸ್‌ಆರ್2. ಕಾಂಡ ತುಕ್ಕಿನ ವಿರುದ್ಧ ದಶಕಗಳ ಕಾಲ ಕೈಬಿಡದ ಜೀನ್. ಬಂದದ್ದು ಯಾರೋಸ್ಲಾವ್ ಅನ್ನುವ ಹಳೇ ಎಮ್ಮರ್ (ಗೋಧಿಯ ಒಂದು ಪುರಾತನ ಜಾತಿ) ಗೋಧಿಯಿಂದ. ಅಮೆರಿಕದ ತಳಿ ತಜ್ಞ ಮೆಕ್‌ಫ್ಯಾಡನ್ ಅದನ್ನು ಮಾರ್ಕ್ವಿಸ್ ಗೋಧಿಗೆ ಕೂಡಿಸಿ ಹೋಪ್ ಮತ್ತು ಎಚ್-44 ಅನ್ನುವ ಸಾಲುಗಳನ್ನು ಮಾಡಿದರು. ಆ ಮಾರ್ಕ್ವಿಸ್ ಆದರೂ ಏನು? ರೆಡ್ ಫೈಫ್ ಜೊತೆ ಹಾರ್ಡ್ ರೆಡ್ ಕಲ್ಕತ್ತಾ ಅನ್ನುವ ಭಾರತದ ಗೋಧಿಯ ಕ್ರಾಸ್. ಕೆನಡಾದ ಚಳಿ ಬರುವ ಮೊದಲೇ ಮಾಗಬೇಕಿತ್ತು. ಆ ಬೇಗತನ ಕೊಟ್ಟದ್ದು ಕಲ್ಕತ್ತಾ. ನಮ್ಮ ಖಪ್ಲಿ ಎಮ್ಮರ್‌ನಿಂದಲೂ ಎಸ್‌ಆರ್13, ಎಸ್‌ಆರ್14 ಸಿಕ್ಕಿವೆ.

ರೂಪ ಮತ್ತು ಜೀನ್ ಜಗಳಕ್ಕೆ ಬರೋಣ. ಎಸ್‌ಆರ್2 ಇರುವ ಗಿಡದಲ್ಲಿ ಹೊಟ್ಟಿನ ಮೇಲೆ, ಗೆಣ್ಣಿನ ಕೆಳಗೆ ಕಪ್ಪು ಬಣ್ಣ ಕಾಣಿಸಿಕೊಳ್ಳಬಹುದು. ಎಲ್‌ಆರ್34 ಇದ್ದರೆ ಧ್ವಜ ಎಲೆಯ (ತೆನೆಯ ಕೆಳಗಿನ ಕೊನೇ ಎಲೆ) ತುದಿ ಒಣಗಿದಂತೆ ಆಗುತ್ತದೆ. ಎಲ್‌ಆರ್34 ಎಲೆ ತುಕ್ಕು, ಪಟ್ಟೆ ತುಕ್ಕು, ಕಾಂಡ ತುಕ್ಕು, ಬೂದಿ ರೋಗ ನಾಲ್ಕಕ್ಕೂ ಅಡ್ಡ ನಿಲ್ಲುತ್ತದೆ. 2009ರಲ್ಲಿ ಅದನ್ನು ಬೇರ್ಪಡಿಸಿ ನೋಡಿದರು. ಡಿಎನ್‌ಎ ಪರೀಕ್ಷೆ ಬರುವ ಮೊದಲು ಈ ಗುರುತುಗಳೇ ನಮಗೆ ಮಾರ್ಕರ್. ಕಪ್ಪು ಬಂತು, ರೋಗ ಇರಬೇಕು ಅಂತ ಅಂಥ ಗಿಡಗಳನ್ನು ಕಿತ್ತೆಸೆದವರನ್ನು ನಾನೇ ನೋಡಿದ್ದೇನೆ. ಹೊಲದಲ್ಲಿ ಚೆಂದದ ಸಾಲು ಬೇಕು ಅನ್ನುವವರಿಗೆ ಎಲೆ ತುದಿ ಒಣಗಿದ ಗಿಡ ಹೇಗೆ ಹಿಡಿಸೀತು!

ಹೊಲದಬದು:
ಎಸ್‌ಆರ್2 ಒಪ್ಪಿದೆ. ಆದರೆ ಅದನ್ನು ಹುಡುಕಿದ್ದು ತುಕ್ಕು ಬಂದಾಗ, ತುಕ್ಕಿಗೆ ಒಡ್ಡಿ ನೋಡಿ. ವೈವಿಧ್ಯದ ಸೂಚ್ಯಂಕ ಲೆಕ್ಕ ಹಾಕಿ ಅಲ್ಲ. ನಾನು ಹೇಳುತ್ತಿರುವುದು ಅಷ್ಟೇ.

ತುಕ್ಕುಬೇಟೆ:
ಆ ಮಾತಿಗೆ ನನ್ನದೂ ಸಹಿ ಇದೆ. ಆದರೆ ಹುಡುಕುವ ದಿನ ಬೀಜ ಇರಬೇಕಲ್ಲ? ರೈ ಧಾನ್ಯದಿಂದ ಬಂದ ಎಸ್‌ಆರ್31 ಅನ್ನು ನಂಬಿ ಜಗತ್ತಿನ ಅದೆಷ್ಟೋ ತಳಿಗಳು ಕೂತಿದ್ದವು. ಉಗಾಂಡಾದಲ್ಲಿ ಯುಜಿ99 ಅನ್ನುವ ಕಾಂಡ ತುಕ್ಕಿನ ಹೊಸ ಬಗೆ ಬಂತು, ಆ ಬಾಗಿಲು ಮುರಿಯಿತು. 1999ರಲ್ಲಿ ಅದಕ್ಕೆ ಆ ಹೆಸರು. ಆಗ ಎಲ್ಲರೂ ಓಡಿದ್ದು ಹಳೇ ಪೊಟ್ಟಣ, ಕಾಡು ಸಂಬಂಧಿಗಳ ಕಡೆಗೇ.

ಸುಮ್ನೆಓದುಗ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಹಸಿರು ಕ್ರಾಂತಿಯ ಗಿಡ್ಡ ಗೋಧಿ ಮೆಕ್ಸಿಕೋದ್ದು ಅಲ್ವಾ? ಅದು ನಾಟಿ ತಳಿ ಏನಲ್ಲವಲ್ಲ.

ಏಳುಜೊತೆ:
ಗಿಡ್ಡತನ ಮೆಕ್ಸಿಕೋದ್ದಲ್ಲ, ಜಪಾನಿನದ್ದು. ದಾರುಮಾ ಅನ್ನುವ ಅಲ್ಲಿನ ಹಳೇ ಗಿಡ್ಡ ಗೋಧಿಯನ್ನು ಅಮೆರಿಕದ ಗೋಧಿಗಳಿಗೆ ಕೂಡಿಸಿ 1935ರಲ್ಲಿ ನೋರಿನ್ 10 ಬಿಡುಗಡೆ ಮಾಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅಮೆರಿಕದ ಕೃಷಿ ವಿಜ್ಞಾನಿ ಸ್ಯಾಮನ್ ಅದನ್ನು ಅಮೆರಿಕಕ್ಕೆ ಒಯ್ದರು. ವಾಷಿಂಗ್ಟನ್ ರಾಜ್ಯದಲ್ಲಿ ಓರ್ವಿಲ್ ವೋಗೆಲ್ ಕ್ರಾಸ್ ಮಾಡಿದರು. ಅಲ್ಲಿಂದ ಮೆಕ್ಸಿಕೋದಲ್ಲಿದ್ದ ಬೋರ್ಲಾಗ್ ಕೈಗೆ ಹೋಯಿತು. ಇಟಲಿಯಲ್ಲಿ ಸ್ಟ್ರಾಂಪೆಲ್ಲಿ ಅದಕ್ಕೂ ಮೊದಲೇ ಅಕಕೊಮುಗಿ ಅನ್ನುವ ಇನ್ನೊಂದು ಜಪಾನಿ ಗೋಧಿಯಿಂದ ಬೇರೆ ಗಿಡ್ಡ ಜೀನ್ ತೆಗೆದುಕೊಂಡಿದ್ದರು. ಅಂದರೆ ಗೋಧಿಯ ಇತಿಹಾಸದ ಅತಿ ದೊಡ್ಡ ತಿರುವು ನಿಂತಿರುವುದು ಒಂದೆರಡು ನಾಟಿ ತಳಿಗಳ ಮೇಲೆ.

ಹಳೇಮೇಷ್ಟ್ರು:
ಆ ತಿರುವಿಗೆ ತೆತ್ತ ಬೆಲೆಯನ್ನೂ ಹೇಳಿ. ನೋರಿನ್‌ನಿಂದ ಬಂದ ಎರಡು ಜೀನ್‌ಗಳೂ ಗಿಡಕ್ಕೆ ಗಿಬ್ಬರೆಲಿನ್ ಹಾರ್ಮೋನಿನ ಮಾತು ಕೇಳಿಸದ ಹಾಗೆ ಮಾಡುತ್ತವೆ. ಗಿಡ ಗಿಡ್ಡ ಆಗುವುದು ಸರಿ. ಜೊತೆಗೆ ಮೊಳಕೆಯನ್ನು ಮುಚ್ಚಿಕೊಂಡು ಮಣ್ಣು ಸೀಳಿ ಬರುವ ಕವಚ ಇದೆಯಲ್ಲ, ಕೋಲಿಯೊಪ್ಟೈಲ್, ಅದೂ ಮೋಟು ಆಗುತ್ತದೆ. ಮೇಲ್ಮಣ್ಣು ಒಣಗಿ ತೇವ ಕೆಳಗಿದ್ದಾಗ ಆಳಕ್ಕೆ ಬಿತ್ತಿದರೆ ಮೊಳಕೆ ಮೇಲೆ ಬರುವುದೇ ಇಲ್ಲ. ಹಳೇ ಎತ್ತರದ ತಳಿಗಳಲ್ಲಿ ಈ ಕವಚ ಉದ್ದ. ಅದಕ್ಕೇ ಈಗ ಕವಚ ಮೋಟು ಮಾಡದ ಬೇರೆ ಗಿಡ್ಡ ಜೀನ್‌ಗಳನ್ನು ಹುಡುಕುತ್ತಿದ್ದಾರೆ. ಹಸಿರುತೆನೆ, ನೀವು ಮಣ್ಣಿನ ಮೇಲಿರುವುದನ್ನು ಮಾತ್ರ ಅಳೆದಿದ್ದೀರಿ ನೋಡಿ.

ಕಾಳುಕಡಿ:
ಕಾಳಿನ ಬಣ್ಣ ಬರೆದುಕೊಂಡಿರಾ? ಎಲ್ಲರೂ ಹೊಟ್ಟಿನ ಬಣ್ಣ ಬರೆದು ಕಾಳಿನದ್ದು ಬಿಡುತ್ತಾರೆ. ಕೆಂಪು ಕಾಳಿನ ಗೋಧಿಗೆ ಸುಪ್ತಾವಸ್ಥೆ ಸಾಮಾನ್ಯವಾಗಿ ಜಾಸ್ತಿ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಬಿಳಿ ಕಾಳಿನದ್ದು ತೆನೆಯಲ್ಲೇ ಮೊಳೆಯುತ್ತದೆ, ಕೆಂಪಿನದ್ದು ಸ್ವಲ್ಪ ತಡೆಯುತ್ತದೆ. ಕಣ್ಣಿಗೆ ಕಾಣುವ ಗುಣವೇ ಕೆಲಸಕ್ಕೆ ಬರುವ ಜಾಗ ಇದು.

ಸುಮ್ನೆಓದುಗ:
ಹಳೇ ಗೋಧಿಯಲ್ಲಿ ಗ್ಲೂಟನ್ ಇರಲ್ಲ ಅಂತಾರಲ್ಲ, ಅದು ನಿಜವಾ?

ಕಾಳುಕಡಿ:
ಸುಳ್ಳು. ಐನ್‌ಕಾರ್ನ್, ಎಮ್ಮರ್, ನಾಟಿ ಗೋಧಿ ಎಲ್ಲದರಲ್ಲೂ ಗ್ಲೂಟನ್ ಇದೆ. ಸೀಲಿಯಾಕ್ ಕಾಯಿಲೆ ಇರುವವರು ಯಾವುದನ್ನೂ ತಿನ್ನುವಂತಿಲ್ಲ. ಹಿಟ್ಟು ಎಷ್ಟು ಹಿಗ್ಗುತ್ತದೆ ಅನ್ನುವುದರಲ್ಲಿ ವ್ಯತ್ಯಾಸ ಇದೆ, ಅದು ಗ್ಲೂಟೆನಿನ್‌ನ ಯಾವ ರೂಪ ಇದೆ ಅನ್ನುವುದರ ಮೇಲೆ. ದಯವಿಟ್ಟು ಈ ಚರ್ಚೆಯನ್ನು ಆಹಾರದ ಕಡೆ ಎಳೆಯಬೇಡಿ, ರಾತ್ರಿಯಿಡೀ ನಡೆಯುತ್ತದೆ.

ಏಳುಜೊತೆ:
ಬದು ಅವರ ಮೂಲ ತಕರಾರಿಗೆ ಬರುತ್ತೇನೆ. ವೈವಿಧ್ಯ ಅಳೆದು ಏನು ಸಿಕ್ಕಿತು ಅಂದರೆ ವಾಟ್ಕಿನ್ಸ್ ಸಂಗ್ರಹ ನೋಡಿ. ಕೇಂಬ್ರಿಡ್ಜ್‌ನ ಎ. ಇ. ವಾಟ್ಕಿನ್ಸ್ 1920, 30ರ ದಶಕಗಳಲ್ಲಿ ಬ್ರಿಟಿಷ್ ರಾಯಭಾರ ಕಚೇರಿಗಳ ಜಾಲ ಹಿಡಿದು 32 ದೇಶಗಳಿಂದ ಗೋಧಿ ತರಿಸಿಕೊಂಡರು. ಅದರಲ್ಲಿ ಉಳಿದ 827 ತಳಿಗಳ ಪೂರ್ತಿ ಡಿಎನ್‌ಎಯನ್ನು ಓದಿ 2024ರಲ್ಲಿ ಪ್ರಕಟಿಸಿದರು. ಜೊತೆಗೆ ಹೋಲಿಕೆಗೆ 208 ಆಧುನಿಕ ತಳಿಗಳು. ಹಳೇ ಗೋಧಿ ಏಳು ಪೂರ್ವಜ ಗುಂಪುಗಳಾಗಿ ಒಡೆಯಿತು. ಆಧುನಿಕ ತಳಿಗಳೆಲ್ಲ ಬಹುಪಾಲು ಅದರಲ್ಲಿ ಎರಡೇ ಗುಂಪಿನಿಂದ ಬಂದವು. ಐದು ಗುಂಪು ಹೆಚ್ಚುಕಡಿಮೆ ಹಾಗೇ ಬಿದ್ದಿವೆ. ಸುಮ್ನೆ ಮರದ ಚಿತ್ರ ಬರೆದು ನಿಲ್ಲಿಸಲಿಲ್ಲ ಅವರು. ಎಲ್ಲಿ ಯಾವ ತುಂಡು ಆಧುನಿಕ ಗೋಧಿಯಲ್ಲಿ ಇಲ್ಲ, ಆ ತುಂಡು ಯಾವ ಗುಣಕ್ಕೆ ಕೆಲಸ ಮಾಡುತ್ತದೆ ಅಂತ ಗುರುತು ಹಾಕಿಟ್ಟಿದ್ದಾರೆ.

ಹೊಲದಬದು:
ಆ ಐದು ಗುಂಪು ಬಿದ್ದಿರುವುದು ಅವು ಕೆಲಸಕ್ಕೆ ಬಾರದ್ದರಿಂದ ಇರಬಹುದಲ್ಲ? ನೂರು ವರ್ಷ ತಳಿ ತಜ್ಞರೆಲ್ಲ ಕುರುಡರಾಗಿದ್ದರಾ?

ಏಳುಜೊತೆ:
ಕುರುಡರಲ್ಲ, ಕೈಗೆ ಸಿಕ್ಕಿದ್ದನ್ನು ಬಳಸಿದರು. ಆ ಎರಡು ಗುಂಪು ಪಶ್ಚಿಮ ಮತ್ತು ಮಧ್ಯ ಯುರೋಪಿನವು. ಆಧುನಿಕ ಗೋಧಿ ತಳಿ ಅಭಿವೃದ್ಧಿ ಜೋರಾಗಿ ಶುರುವಾದ ಜಾಗಗಳಲ್ಲಿ ಅದೂ ಒಂದು. ತಮ್ಮ ಹೊಲದ ಗೋಧಿಗೆ ತಮ್ಮ ಹೊಲದ್ದನ್ನೇ ಕೂಡಿಸಿದರು. ನೀವೇ ಹೇಳಿದ್ದಲ್ಲವೇ, ಒಳ್ಳೆಯದಕ್ಕೆ ಒಳ್ಳೆಯದನ್ನೇ ಕೂಡಿಸುವುದು? ಅದನ್ನೇ ಪೀಳಿಗೆ ಪೀಳಿಗೆ ಮಾಡುತ್ತಾ ಹೋದರೆ ಹೀಗೇ ಆಗುವುದು.

ಹೊಲದಬದು:
ಸರಿ, ಈ ಸುತ್ತು ನಿಮ್ಮದು. ಆದರೂ ಒಂದು ಎಂಎಸ್ಸಿ ಹುಡುಗನಿಗೆ 827 ತಳಿ ಓದಿಸುವ ದುಡ್ಡು ಎಲ್ಲಿಂದ ಬರುತ್ತದೆ? ಅವನು ಮಾಡಬಹುದಾದ್ದು ಹೇಳಿ.

ಹಸಿರುತೆನೆ:
ಹುಡುಗ ಅಲ್ಲ ಸರ್, ಹುಡುಗಿ. ಪ್ರಶ್ನೆ ಮಾತ್ರ ಅದೇ.

ತುಕ್ಕುಬೇಟೆ:
ಹಾಗಾದರೆ ಕೇಳಿ ಮೇಡಂ. ಫಿಗ್ಸ್ ಅನ್ನುವ ವಿಧಾನ ಇದೆ. ತಳಿ ಎಲ್ಲಿ ಸಂಗ್ರಹಿಸಿದ್ದು, ಅಲ್ಲಿನ ಮಳೆ, ಬಿಸಿಲು, ಮಣ್ಣು ಏನು ಅಂತ ನೋಡಿ, ನಿಮಗೆ ಬೇಕಾದ ಗುಣ ಬೆಳೆದಿರುವ ಸಾಧ್ಯತೆ ಇರುವ ಜಾಗದವನ್ನು ಮಾತ್ರ ಆರಿಸುವುದು. ಬೂದಿ ರೋಗ ತಡೆಯುವ ಪಿಎಂ3 ಜೀನ್ ವಿಷಯದಲ್ಲಿ ಹೀಗೆ ಮಾಡಿದರು. 16,089 ಪೊಟ್ಟಣಗಳಿಂದ 1,320 ಆರಿಸಿ ಪರೀಕ್ಷೆಗೆ ಹಾಕಿದರು. ಕೆಲಸ ಮಾಡುವ ಏಳು ಹೊಸ ರೂಪ ಸಿಕ್ಕವು. ಅದಕ್ಕೆ ಮೊದಲು ಗೊತ್ತಿದ್ದದ್ದೂ ಏಳೇ. 2009ರ ಕೆಲಸ ಅದು. ನಿಮ್ಮ ತಳಿಗಳ ಪಾಸ್‌ಪೋರ್ಟ್ ಮಾಹಿತಿಯಲ್ಲಿ (ಎಲ್ಲಿ, ಯಾವಾಗ ಸಂಗ್ರಹಿಸಿದ್ದು ಅನ್ನುವ ದಾಖಲೆ) ಅಕ್ಷಾಂಶ ರೇಖಾಂಶ ಇದ್ದರೆ ನೀವೂ ಮಾಡಬಹುದು, ದುಡ್ಡು ಬೇಡ.

ಬಿತ್ತನೆಬೀಜ:
ಪಾಸ್‌ಪೋರ್ಟ್ ಮಾಹಿತಿ ಇದ್ದರೆ! ನಾನು ತರಿಸಿದ ಒಂದು ಪೊಟ್ಟಣದಲ್ಲಿ ಊರಿನ ಕಾಲಮ್ಮಿನಲ್ಲಿ "ಮಾರುಕಟ್ಟೆ" ಅಂತಷ್ಟೇ ಇತ್ತು. ಯಾವ ದೇಶದ ಮಾರುಕಟ್ಟೆ ಅಂತ ದೇವರಿಗೇ ಗೊತ್ತು.

ಹಳೇಮೇಷ್ಟ್ರು:
ಜೀನ್ ಬ್ಯಾಂಕ್ ಇರುವುದೇ ಪುಣ್ಯ ಮಾರಾಯ್ರೆ. ಸಿರಿಯಾದ ಯುದ್ಧದಲ್ಲಿ ಅಲೆಪ್ಪೊ ಹತ್ತಿರದ ಇಕಾರ್ಡಾ (ಒಣನಾಡಿನ ಕೃಷಿಯ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ) ಬೀಜ ಬ್ಯಾಂಕ್ ಕೈತಪ್ಪಿತು. ನಾರ್ವೆಯ ಸ್ವಾಲ್ಬಾರ್ಡ್‌ನ ಹಿಮದ ಗುಡ್ಡದಲ್ಲಿ ಇಟ್ಟಿದ್ದ ನಕಲು ಬೀಜಗಳನ್ನು 2015ರಲ್ಲಿ ವಾಪಸ್ ತೆಗೆಸಿದರು. ಆ ಗುಡ್ಡದಿಂದ ಯಾರಾದರೂ ಬೀಜ ವಾಪಸ್ ಕೇಳಿದ್ದು ಅದೇ ಮೊದಲು. ಅದರಲ್ಲಿ ಗೋಧಿಯೂ ಇತ್ತು.

ಏಳುಜೊತೆ:
ಇನ್ನೊಂದು ತಮಾಷೆ. ಜಗತ್ತಿನ ಗೋಧಿ ಜೀನೋಮ್‌ಗೆ ಮಾದರಿ ಅಂತ 2018ರಲ್ಲಿ ಪೂರ್ತಿ ಜೋಡಿಸಿಟ್ಟದ್ದು ಚೈನೀಸ್ ಸ್ಪ್ರಿಂಗ್. ಅದೇ ಒಂದು ನಾಟಿ ತಳಿ, ಸಿಚುವಾನ್ ಕಡೆಯದ್ದು. ಇಳುವರಿಗೆ ಯಾರೂ ಬೆಳೆಯಲ್ಲ. ಹಾಗಂತ ಅದರಲ್ಲೂ ಎಲ್‌ಆರ್34 ಇದೆ.

ಮತ್ತೊಂದು ವಿಷಯ ನಿಮ್ಮ ಎಸ್‌ಎಸ್‌ಆರ್ ಬಗ್ಗೆ. ರೊಟ್ಟಿ ಗೋಧಿಯಲ್ಲಿ ಎ, ಬಿ, ಡಿ ಅಂತ ಮೂರು ಜೀನೋಮ್, ಒಟ್ಟು 42 ಕ್ರೋಮೋಸೋಮ್. ಡಿ ಬಂದದ್ದು ಆಡು-ಹುಲ್ಲಿನ ಜಾತಿಯ ಒಂದು ಕಾಡು ಗಿಡದಿಂದ, ಬಹಳ ಕೆಲವೇ ಸಹಜ ಕ್ರಾಸ್‌ಗಳ ಮೂಲಕ. ಹಾಗಾಗಿ ಡಿಯಲ್ಲಿ ವೈವಿಧ್ಯ ತೀರಾ ಕಡಿಮೆ. ನಿಮ್ಮ ಮಾರ್ಕರ್‌ಗಳಲ್ಲಿ ಎಷ್ಟು ಡಿ ಮೇಲಿವೆ ನೋಡಿ. ಅವನ್ನು ಬೇರೆ ಇಟ್ಟು ಲೆಕ್ಕ ಮಾಡಿದರೆ ಚಿತ್ರ ಬದಲಾಗಬಹುದು.

ಅಂಕಿಗಣಪ:
ಆಡು-ಹುಲ್ಲು ಅಂತ ಗಿಡ ಯಾವುದು ಸ್ವಾಮಿ? ಈಜಿಲಾಪ್ಸ್ ಟೌಶಿ ಅಂತ ನೇರವಾಗಿ ಹೇಳಿ, ಹುಡುಕುವವರಿಗೆ ಸಿಗಲಿ. ಅದನ್ನೇ ಡ್ಯೂರಮ್ ಗೋಧಿಗೆ ಮತ್ತೆ ಕೂಡಿಸಿ ಕೃತಕ ಗೋಧಿ ಮಾಡುತ್ತಾರೆ, ಡಿಯ ಬಡತನ ನೀಗಿಸಲು. ಮೆಕ್ಸಿಕೋದ ಅಂತರರಾಷ್ಟ್ರೀಯ ಜೋಳ-ಗೋಧಿ ಸಂಶೋಧನಾ ಕೇಂದ್ರ ಸಿಮಿಟ್‌ನಲ್ಲಿ ಅಂಥವು ಬೇಕಾದಷ್ಟಿವೆ.

ಹಸಿರುತೆನೆ:
ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಮುಂದಿನ ಹಂಗಾಮಿಗೆ ಬಿತ್ತುವಾಗ ಒಂದೊಂದು ತಳಿಯಿಂದ ಹಲವು ಗಿಡಗಳ ಎಲೆ ತೆಗೆಯುತ್ತೇನೆ. ಅಳತೆಯೂ ಅವೇ ಗಿಡಗಳದ್ದು. ಕಾಳಿನ ಬಣ್ಣ, ಎಲೆ ತುದಿ, ಹೊಟ್ಟಿನ ಕಪ್ಪು ಸೇರಿಸುತ್ತೇನೆ. ಪೋಷಕ ಆರಿಸಲು ದೂರದ ಲೆಕ್ಕ ಬಿಟ್ಟು ಒಂದು ಗುಣ ಹಿಡಿಯಬೇಕು ಅಂತಿದ್ದೇನೆ. ಕೋಲಿಯೊಪ್ಟೈಲ್ ಹಿಡಿದರೆ ಆಗುತ್ತಾ? ಅದಕ್ಕೆ ದೊಡ್ಡ ಉಪಕರಣ ಏನಾದರೂ ಬೇಕಾ?

ಹಳೇಮೇಷ್ಟ್ರು:
ಏನೂ ಬೇಡ. ಒಂದೇ ಗಾತ್ರದ ಕಾಳು ಆರಿಸಿ. ಒದ್ದೆ ಕಾಗದದಲ್ಲಿ ಸಾಲಾಗಿ ಇಟ್ಟು ಸುರುಳಿ ಸುತ್ತಿ ಕತ್ತಲಲ್ಲಿ ನಿಲ್ಲಿಸಿ. ಮೊದಲ ಎಲೆ ಕವಚ ಸೀಳಿ ಹೊರಬಂದ ಮೇಲೆ ಸ್ಕೇಲ್ ಹಿಡಿದು ಅಳೆಯಿರಿ. ಉಷ್ಣತೆ ಎಲ್ಲದಕ್ಕೂ ಒಂದೇ ಇರಲಿ, ಬಿಸಿ ಜಾಸ್ತಿಯಾದರೆ ಕವಚ ಮೋಟಾಗುತ್ತದೆ. ಹೋಲಿಕೆಗೆ ಒಂದು ಗಿಡ್ಡ ಆಧುನಿಕ ತಳಿ ಜೊತೆಯಲ್ಲಿ ಇಡಿ.

ಹೊಲದಬದು:
ಅದರಲ್ಲಿ ಉದ್ದ ಬಂದದ್ದನ್ನು ಮಾತ್ರ ಹೊಲದಲ್ಲಿ ಆಳಕ್ಕೆ ಬಿತ್ತಿ ನೋಡಿ. ಕಾಗದದಲ್ಲಿ ಗೆದ್ದದ್ದೆಲ್ಲ ಮಣ್ಣಿನಲ್ಲಿ ಗೆಲ್ಲಲ್ಲ. ಮಣ್ಣಿನಲ್ಲೂ ಗೆದ್ದರೆ ಹೇಳಿ, ಕ್ರಾಸ್‌ಗೆ ಎತ್ತರ ಕಡಿಮೆ ಇರುವ ಒಳ್ಳೆ ಪೋಷಕ ನಾನು ಸೂಚಿಸುತ್ತೇನೆ. ಬ್ಯಾಕ್‌ಕ್ರಾಸ್ ಮಾತ್ರ ನೀವೇ ಮಾಡಿಕೊಳ್ಳಬೇಕು.

ಬಿತ್ತನೆಬೀಜ:
ಕಾಗದದ ಸುರುಳಿ ಮೇಲೆ ತಳಿ ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಎರಡೇ ದಿನಕ್ಕೆ ಹರಡಿ, ಯಾವುದು ಯಾವುದು ಅಂತಲೇ ಗೊತ್ತಾಗಲ್ಲ.